ಪಿಟೀಲಿನ ಮೇಲೆ ಎರಡು ಕೋಲು

ರಮಾಕಾಂತನ ಮನೆಯಲ್ಲಿ ಅಪಘಾತಗಳು ಬಹಳ. ಎಲ್ಲವೂ ಅವನ ಹೆಂಡತಿ ಮಾಲವಿಕಾಳಿಗೇ ಆಗುತ್ತಿದ್ದವು. ಬಚ್ಚಲಲ್ಲಿ ಜಾರುವವಳು ಅವಳು, ಕಪಾಟಿನ ಮೂಲೆ ಕಣ್ಣಿಗೆ ಬಡಿಸಿಕೊಳ್ಳುವವಳು ಅವಳು, ಒಲೆಯ ಮುಂದೆ ಕೈ ಸುಟ್ಟುಕೊಳ್ಳುವವಳು ಅವಳು. ಅದೇ ಬಚ್ಚಲಲ್ಲಿ ಅವನೂ ದಿನಾ ಸ್ನಾನ ಮಾಡುತ್ತಿದ್ದ, ಒಂದು ದಿನವೂ ಜಾರಿದವನಲ್ಲ. ಪರ್ತ್‌ನ ನಮ್ಮ ಕನ್ನಡದ ಮಂದಿ, "ಪಾಪ, ಆ ಹುಡುಗಿ ಸ್ವಲ್ಪ ಕೇರ್‌ಲೆಸ್" ಎಂದು ಹೇಳಿ ಇನ್ನೊಂದು ಹೋಳಿಗೆ ಬಡಿಸಿಕೊಳ್ಳುತ್ತಿದ್ದರು. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಗ್ಲೋರಿಯಾ. ಮಂಗಳೂರಿನ ಕುಲಶೇಖರದವಳು. ಕುವೈತಿನಲ್ಲಿ ನರ್ಸ್ ಆಗಿದ್ದು, ಈಗ ಕ್ಯಾನಿಂಗ್ಟನ್‌ನ ಒಂದು ವೃದ್ಧಾಶ್ರಮದಲ್ಲಿ ಅದೇ ಕೆಲಸ ಮಾಡುತ್ತೇನೆ. ಬಿಡುವಿನಲ್ಲಿ ಗಿಟಾರ್ ನುಡಿಸಿ ಹಾಡುತ್ತೇನೆ. ನನ್ನ ಗಂಡ ರಾಬರ್ಟ್ ತನಗಿಂತ ಎತ್ತರದ, ಡಬಲ್ ಬೇಸ್ ಎಂಬ ದೈತ್ಯ ಪಿಟೀಲು ನುಡಿಸುತ್ತಾನೆ, ಬಾಯಿಗೆ ಬಂದ ಮಾತನ್ನೆಲ್ಲ ನುಂಗಿಕೊಳ್ಳುತ್ತಾನೆ. ನಾವು ನುಡಿಸುವ ಅಮೆರಿಕದ ಕಂಟ್ರಿ ಸಂಗೀತವನ್ನು ನಮಗೆ ಕೊಟ್ಟದ್ದು ಆಸ್ಟ್ರೇಲಿಯಾ ಅಲ್ಲ. ನಮ್ಮ ಕಡೆಯ ಕ್ರಿಶ್ಚಿಯನ್ ಮದುವೆಗಳಲ್ಲಿ ಅದು ಮೊದಲಿಂದಲೂ ಇತ್ತು. ಗಲ್ಫಿನಿಂದ ಬರುವ ಮಾವಂದಿರ ಪೆಟ್ಟಿಗೆಯಲ್ಲಿ ಸಾಬೂನು, ಸೆಂಟಿನ ಜೊತೆ ಕಂಟ್ರಿ ಕ್ಯಾಸೆಟ್ ಇದ್ದೇ ಇರುತ್ತಿತ್ತು. ಗಂಡಸರೆಲ್ಲ ಒಂದೊಂದು ಪೆಗ್ಗಿನ ಮೇಲೆ ಅಮೆರಿಕದ ಗುಡ್ಡಗಾಡಿನ ಕಷ್ಟಗಳನ್ನು ನೆನೆದು ಅಳುತ್ತಿದ್ದರು. ಆ ಗುಡ್ಡ ಎಲ್ಲಿದೆ ಎಂದು ಅವರಿಗೆ ಯಾರಿಗೂ ಗೊತ್ತಿರಲಿಲ್ಲ.

ಮಾಲವಿಕಾಳನ್ನು ನಾನು ಮೊದಲು ಕಂಡದ್ದು ಒಂದು ರಾಜ್ಯೋತ್ಸವದಲ್ಲಿ. ಮೈಸೂರಿನಲ್ಲಿ ಪಿಟೀಲು ಕಲಿತ ಹುಡುಗಿ, ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿಗೆ ಒರಗಿಸಿ ತಂತಿ ಶ್ರುತಿ ಮಾಡುತ್ತಿದ್ದಳು. ಸ, ಪ, ಸ, ಪ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಮೆರಿಕದ ಬೆಟ್ಟದ ಕಡೆಯ ಹಳೆಯ ಪಿಟೀಲುಗಾರರು ಕೆಲವು ಟ್ಯೂನ್‌ಗಳಿಗೆ ತಂತಿಯನ್ನು ಏರಿಸಿ ಇಳಿಸಿ ಮಾಡಿಕೊಳ್ಳುವುದೂ ಇದೇ ಶ್ರುತಿ. ಕಾರ್ಯಕ್ರಮ ಮುಗಿದ ಕೂಡಲೇ ಹೋಗಿ ಅವಳ ಕೈ ಹಿಡಿದುಕೊಂಡೆ.

"ನೀನು ನಮ್ಮ ಮನೆಗೆ ಬರಬೇಕು ಮಗಾ. ನಿನ್ನ ಪಿಟೀಲಿಗೆ ಅಮೆರಿಕದಲ್ಲಿ ನೆಂಟರು ಉಂಟು," ಎಂದೆ.

ಅವಳು ನಕ್ಕು, ಗಂಡನ ಮುಖ ನೋಡಿದಳು. ಅವನು ಒಪ್ಪಿದ. ಗಂಡನ ಮುಖ ನೋಡಿದ ಆ ಒಂದು ಕ್ಷಣ ನನಗೆ ಹಿಡಿಸಲಿಲ್ಲ.

ಭಾನುವಾರ ಬರತೊಡಗಿದಳು. ನಮ್ಮ ಅಡಿಗೆಮನೆಯಲ್ಲಿ ಕೂತು, ನಾನು ಹಾಕಿದ ಹಳೆಯ ರೆಕಾರ್ಡಿಂಗ್ ಕೇಳಿ, ಎರಡನೇ ಸಲಕ್ಕೆ ಅದರ ಮೈ ಹಿಡಿದುಬಿಡುತ್ತಿದ್ದಳು. ನಾನು ಕಥೆ ಹೇಳುತ್ತಿದ್ದೆ. ಪಿಟೀಲು ಆ ಬೆಟ್ಟಗಳಿಗೆ ಹೋದದ್ದು ಸ್ಕಾಟ್ಲೆಂಡ್, ಐರ್ಲೆಂಡ್‌ಗಳಿಂದ ಹಡಗು ಹತ್ತಿದ ಬಡವರ ಗಂಟಿನಲ್ಲಿ. ಬ್ಯಾಂಜೋ ಎಂಬ ತಂತಿವಾದ್ಯ ಹೋದದ್ದು ಸರಪಳಿ ಹಾಕಿಸಿಕೊಂಡು ಹೋದ ಆಫ್ರಿಕದವರ ನೆನಪಿನಲ್ಲಿ. ಧಣಿಗಳ ಮನೆಯ ಕುಣಿತಕ್ಕೆ ಬೆಳಗಿನವರೆಗೆ ಪಿಟೀಲು ನುಡಿಸುತ್ತಿದ್ದವರಲ್ಲಿ ಗುಲಾಮರು ಎಷ್ಟೋ ಮಂದಿ, ಬೆಳಗಾದರೆ ಅವರ ಬೆನ್ನಿಗೆ ಮತ್ತೆ ಚಾಟಿ. ಪಾದ್ರಿಗಳು ಪಿಟೀಲನ್ನು ಸೈತಾನನ ಪೆಟ್ಟಿಗೆ ಎಂದು ಕರೆದರು. ಭಕ್ತಿ ಬಂದವರು ತಮ್ಮ ಪಿಟೀಲನ್ನು ಒಡೆದು ಒಲೆಗೆ ಹಾಕಿದರು. ಪ್ರೇಮಗೀತೆ ಎಂದು ನಾವು ತಲೆದೂಗುವ ಈ ಸಂಗೀತದ ತುಂಬ ರಕ್ತವೇ ಇದೆ.

ಅವಳಿಗೆ ಬಹಳ ಇಷ್ಟವಾದದ್ದು ಒಂದು ಸೊಟ್ಟ ಟ್ಯೂನ್. ಹೌದು, ಅವುಗಳಿಗೆ ಹಾಗೇ ಹೆಸರು. ಬೆಟ್ಟದ ಮೇಲೆ ಒಬ್ಬನೇ ಕೂತು ನುಡಿಸುವವನಿಗೆ ಯಾರ ಹಂಗು? ಮನಸ್ಸಾದರೆ ಒಂದು ಸ್ವರವನ್ನು ಎಳೆಯುತ್ತಾನೆ, ಬೇಡವೆಂದರೆ ಸಾಲನ್ನು ಅರ್ಧಕ್ಕೇ ಕಡಿಯುತ್ತಾನೆ. ಈ ಸುತ್ತಿನಲ್ಲಿ ಎಳೆದದ್ದನ್ನು ಮುಂದಿನ ಸುತ್ತಿನಲ್ಲಿ ಎಳೆಯಬೇಕೆಂದಿಲ್ಲ. ಮುಂದೆ ರೇಡಿಯೋ ಬಂತು, ರೆಕಾರ್ಡು ಬಂತು, ಗುಂಪು ಕಟ್ಟಿ ನುಡಿಸುವುದು ಹೆಚ್ಚಾಯಿತು, ಟ್ಯೂನ್‌ಗಳನ್ನೆಲ್ಲ ನೆಟ್ಟಗೆ ಮಾಡಿಬಿಟ್ಟರು. ಸೊಟ್ಟದ್ದು ಅಲ್ಲೊಂದು ಇಲ್ಲೊಂದು ಉಳಿಯಿತು.

"ಇದನ್ನ ಎಣಿಸಕ್ಕೇ ಆಗಲ್ಲ ಆಂಟಿ," ಎಂದು ಮಾಲವಿಕಾ ಕುಣಿದಾಡಿದಳು. "ನುಡಿಸೋರ ಜೊತೆ ಉಸಿರಾಡ್ಬೇಕು, ಅಷ್ಟೇ."

ರಾಬರ್ಟ್ ಅವಳ ಮೊಣಕೈಯನ್ನೇ ನೋಡುತ್ತ ಬೇಸ್ ಹಿಡಿದ. ಒಂದು ಕಡೆಯೂ ತಪ್ಪಲಿಲ್ಲ. ಅವಳ ಮೊಣಕೈ ಎತ್ತಿದರೆ ಸಾಲು ಮುಗಿಯಿತು ಎಂದರ್ಥ, ನೋಡುವ ಕಣ್ಣಿದ್ದರೆ ಸಾಕು.

ರಮಾಕಾಂತ್ ನಮ್ಮೊಳಗೆ ಸೇರಿದ್ದು ಆಮೇಲೆ. ಗಣಿ ಕಂಪನಿಯೊಂದರಲ್ಲಿ ಎಂಜಿನಿಯರ್, ಚಿಕ್ಕಂದಿನಿಂದ ಮೃದಂಗ ಕಲಿತವನು. ಕನ್ನಡ ಸಂಘದವರು ಅವನನ್ನು ಲಯಬ್ರಹ್ಮ ಎನ್ನುತ್ತಿದ್ದರು. ಅವರಲ್ಲಿ ಅರ್ಧ ಮಂದಿ ತಮಾಷೆಗೆ ಹೇಳುತ್ತಿದ್ದರು, ಅವನು ಪೂರ್ತಿ ನಂಬಿದ್ದ. ಎಂಥ ಉದ್ದದ ಲೆಕ್ಕ ಹಾಕಿದರೂ ಸಮಕ್ಕೆ, ಎಂದರೆ ತಾಳದ ಮೊದಲ ಪೆಟ್ಟಿಗೆ, ಕೂದಲೆಳೆ ಆಚೀಚೆ ಆಗದಂತೆ ಬಂದು ನಿಲ್ಲುತ್ತೇನೆ ಎಂದು ಊಟದ ತಟ್ಟೆಯ ಮುಂದೆಯೂ ಹೇಳಿಕೊಳ್ಳುತ್ತಿದ್ದ. ಅವನ ಹಣವನ್ನೋ ಜಾತಿಯನ್ನೋ ಅಡುಗೆಯನ್ನೋ ಟೀಕಿಸಿ, ನಕ್ಕು ಸುಮ್ಮನಾಗುತ್ತಾನೆ. ಲಯದ ವಿಷಯ ಎತ್ತಿದರೆ ಮುಗಿಯಿತು. ಒಮ್ಮೆ ಸಂಘದ ಒಬ್ಬ ಹಿರಿಯರು, "ಒಂದ್ ಅಕ್ಷರ ಜಾರಿತೇನೋ ಅಲ್ಲಿ" ಎಂದದ್ದಕ್ಕೆ ಪೂರ್ತಿ ಕಛೇರಿಯ ರೆಕಾರ್ಡಿಂಗ್ ತಂದು ಎಲ್ಲರನ್ನೂ ಕೂರಿಸಿ ಕೇಳಿಸಿದ್ದ.

ಅಮೆರಿಕದ ಆ ಪಿಟೀಲಿನಲ್ಲಿ ಇನ್ನೊಂದು ಪದ್ಧತಿ ಇದೆ. ಒಬ್ಬರು ಪಿಟೀಲು ನುಡಿಸುತ್ತಿರುವಾಗ ಇನ್ನೊಬ್ಬರು ಪಕ್ಕದಲ್ಲಿ ಕೂತು, ಅದೇ ಪಿಟೀಲಿನ ತಂತಿಗಳ ಮೇಲೆ ಎರಡು ಕಡ್ಡಿಯಿಂದ ಬಡಿಯುತ್ತಾರೆ. ಕಮಾನಿಗೂ ಎಡಗೈಗೂ ನಡುವೆ ಒಂದು ಗೇಣು ಜಾಗ, ಅಷ್ಟರಲ್ಲೇ ಕಡ್ಡಿ ಆಡಬೇಕು. ಡೋಲು ಇಲ್ಲದ ಕಡೆ ಅದೇ ಡೋಲು. ಗಂಡ ನುಡಿಸಿದರೆ ಹೆಂಡತಿ ಬಡಿಯುತ್ತಿದ್ದಳು, ಅಪ್ಪ ನುಡಿಸಿದರೆ ಮಗ. ಇಬ್ಬರ ಕೈಯೂ ಒಂದೇ ವಾದ್ಯದ ಮೇಲೆ ಇರುವುದರಿಂದ ನಂಬಿಕೆ ಇಲ್ಲದೆ ಆಗುವ ಕೆಲಸವಲ್ಲ. ಇದನ್ನು ವಿಡಿಯೋದಲ್ಲಿ ನೋಡಿದ ರಮಾಕಾಂತ್, "ಇದು ನಾನ್ ಮಾಡ್ತೀನಿ" ಎಂದ. ಯಾರೂ ಕೇಳಿರಲಿಲ್ಲ.

ಹೇಳಬೇಕಾದ್ದು ಹೇಳುತ್ತೇನೆ, ಕೈ ಚೆನ್ನಾಗಿತ್ತು. ಜನ ಮುಗಿಬಿದ್ದರು. ಸೀರೆಯುಟ್ಟು ನೆಲದ ಮೇಲೆ ಕೂತು ಬೆಟ್ಟದ ಟ್ಯೂನ್ ನುಡಿಸುವ ಹೆಂಡತಿ, ಎದುರಿಗೆ ಕೂತು ಅದರ ಮೇಲೆ ಮೃದಂಗದ ಲೆಕ್ಕ ಬಿಡುವ ಗಂಡ. ಮೂರು ತಿಂಗಳಲ್ಲಿ ನಾವು ನಾಲ್ವರು ಅಲ್ಲಿ ಇಲ್ಲಿ ಕರೆಸಿಕೊಳ್ಳುವ ತಂಡವಾದೆವು. ಅವನು ಬಿದಿರಿನ ತೆಳು ಕಡ್ಡಿ ಬಿಟ್ಟು ಜಾರಾ ಮರದಲ್ಲಿ ಎರಡು ಕೋಲು ಕೆತ್ತಿಸಿಕೊಂಡ. ಜಾರಾ ಇಲ್ಲಿಯ ಮರ, ಕಬ್ಬಿಣದಷ್ಟು ಗಟ್ಟಿ. ತಂತಿಗೆ ಅಷ್ಟು ಗಟ್ಟಿ ಯಾಕೆ ಎಂದು ರಾಬರ್ಟ್ ಕೇಳಿದ. "ಸೌಂಡ್ ಬೇಕಲ್ಲ ಅಂಕಲ್," ಎಂದ.

ಸ್ವಾನ್ ವ್ಯಾಲಿಯ ಒಂದು ವೈನರಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಕಾರ್ಯಕ್ರಮ. ಯಾರದೋ ಮಗು ವೇದಿಕೆಯ ಮುಂದೆ ಓಡಿಬಂದು ಬಿತ್ತು, ಮಾಲವಿಕಾ ಆ ಕಡೆ ನೋಡಿದಳು, ಅರ್ಧ ಮಾತ್ರೆ ತಡವಾಯಿತು. ಮುಂದಿನ ಸುತ್ತಿನಲ್ಲಿ ರಮಾಕಾಂತನ ಕೋಲು ತಂತಿಯ ಮೇಲೆ ಬೀಳಲಿಲ್ಲ. ಅವಳ ಬೆರಳ ಗೆಣ್ಣಿನ ಮೇಲೆ ಬಿತ್ತು. ಎರಡು ಸಲ, ಲಯಕ್ಕೆ ಸರಿಯಾಗಿ. ಕೇಳುವವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಪಿಟೀಲಿನ ಕರಿಪಟ್ಟಿಯ ಮೇಲೆ ರಕ್ತ ಇಳಿದದ್ದು ಅವಳ ಬಲಗಡೆ ನಿಂತಿದ್ದ ನನಗೆ ಕಂಡಿತು. ಅವಳು ನಿಲ್ಲಿಸಲಿಲ್ಲ, ಅವನು ಸಭೆಯ ಕಡೆ ನೋಡಿ ನಗುತ್ತಲೇ ಇದ್ದ.

ಮುಗಿದ ಮೇಲೆ ಪಾರ್ಕಿಂಗಿನಲ್ಲಿ ಅವಳು ಕಾರಿನ ಡಿಕ್ಕಿಗೆ ಬಗ್ಗಿ ಪಿಟೀಲಿನ ಪೆಟ್ಟಿಗೆ ಇಡುತ್ತಿದ್ದಳು. ಅವನು ಬಂದು ಡಿಕ್ಕಿಯ ಮುಚ್ಚಳವನ್ನು ಎಳೆದು ಅವಳ ತಲೆಯ ಮೇಲೆ ಹಾಕಿದ. ಅವಳು ಮಂಡಿಯೂರಿ ಕುಸಿದಳು.

"ಅಯ್ಯೋ, ನೋಡ್ಲೇ ಇಲ್ಲ ಕಣೇ," ಎಂದ.

"ನಾನು ನೋಡಿದೆ," ಎಂದೆ.

ಅವನು ತಿರುಗಿದ. "ಏನ್ ನೋಡಿದ್ರಿ ಆಂಟಿ?"

"ನೀನು ಅವಳನ್ನು ನೋಡಿದ್ದು ನೋಡಿದೆ. ಆಮೇಲೆ ನೀನು ಮುಚ್ಚಳ ಹಾಕಿದ್ದು."

"ಬಿಸಿಲಿಗೆ ನಿಮಗೆ ತಲೆ ತಿರುಗಿರಬೇಕು," ಎಂದು, ಮಾಲವಿಕಾಳನ್ನು ಬಹಳ ಅಕ್ಕರೆಯಿಂದ ಎಬ್ಬಿಸಿ ಕಾರಿನಲ್ಲಿ ಕೂರಿಸಿದ. ಅವಳು ನನ್ನ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದಳು. ಅವನನ್ನು ತಂಡದಿಂದ ಓಡಿಸೋಣ ಎಂದು ರಾಬರ್ಟ್‌ಗೆ ಹೇಳಿದೆ. "ಅವನು ಬರದಿದ್ದರೆ ಅವಳನ್ನೂ ಕಳಿಸಲಿಕ್ಕಿಲ್ಲ ಗ್ಲೋರಿ. ಆಮೇಲೆ ಅವಳ ಮೇಲೆ ಕಣ್ಣಿಡಲು ನಾವೂ ಇಲ್ಲ," ಎಂದ. ಅಪರೂಪಕ್ಕೆ ಬಾಯಿ ಬಿಡುವ ಗಂಡಸು, ಬಿಟ್ಟಾಗ ಸರಿಯಾಗಿಯೇ ಹೇಳುತ್ತಾನೆ. ಹಲ್ಲು ಕಚ್ಚಿಕೊಂಡೆ.

ಆ ವರ್ಷ ಬ್ರಿಸ್ಬೇನಿನ ಹೊರಗಿನ ಒಂದು ಶೋಗ್ರೌಂಡಿನಲ್ಲಿ ಸಂಗೀತದ ಹಬ್ಬಕ್ಕೆ ಕರೆದರು. ಅಲ್ಲಿಂದ ಮುಂದಿನ ವಾರ ಅಡಿಲೇಡ್. ಮೊದಲ ದಿನ ಜನ ಒಂದು ಹಳೆಯ ಕೊಲೆಹಾಡು ಹಾಡಿ ಎಂದರು. ಅಂಥವು ಆ ಸಂಗೀತದಲ್ಲಿ ರಾಶಿ ಇವೆ. ಎಲ್ಲದರಲ್ಲೂ ಒಂದೇ ಕಥೆ. ಹುಡುಗ ಹುಡುಗಿಯನ್ನು ಮಾತಾಡೋಣ ಬಾ ಎಂದು ಹೊಳೆದಂಡೆಗೆ ಕರೆದೊಯ್ಯುತ್ತಾನೆ, ವಾಪಸ್ ಬರುವವನು ಒಬ್ಬನೇ. ರಾಗ ಮಾತ್ರ ಜೋಗುಳದ ಹಾಗೆ. ಬಿಯರ್ ಹಿಡಿದುಕೊಂಡು ಸಭೆಯೆಲ್ಲ ಒಟ್ಟಿಗೆ ಹಾಡುತ್ತದೆ. ನಾನು ಎರಡನೇ ಚರಣಕ್ಕೆ ನಿಂತುಬಿಟ್ಟೆ, ಗಂಟಲು ಕಟ್ಟಿದೆ ಎಂದೆ. ರಮಾಕಾಂತ್ ಮೈಕ್ ಎಳೆದುಕೊಂಡು ಮಿಕ್ಕದ್ದನ್ನು ತಾನೇ ಹಾಡಿದ. ಹುಡುಗಿ ಮುಳುಗುವ ಸಾಲಿಗೆ ಹೆಂಡತಿಯ ಮುಖ ನೋಡಿ ಕೋಲು ಬಾರಿಸಿದ. ಜನ ಶಿಳ್ಳೆ ಹೊಡೆದರು.

ಮರುದಿನ ಬೆಳಿಗ್ಗೆ ಮೋಟೆಲಿನಲ್ಲಿ ಕಾಫಿಗೆ ಕರೆಯಲು ಅವರ ಕೋಣೆಗೆ ಹೋದೆ. ಒಳಗಿನಿಂದ ಮಾಲವಿಕಾಳ ದನಿ ಕೇಳಿತು, ತಾಳ ಎಣಿಸುತ್ತಿದ್ದಳು. ಬಾಗಿಲು ಅರ್ಧ ತೆರೆದಿತ್ತು. ಅವಳು ನೆಲದ ಮೇಲೆ ಕೂತಿದ್ದಳು. ಅವಳ ಎಡಗೈಯ ನಾಲ್ಕೂ ಬೆರಳು ಬಚ್ಚಲಿನ ಬಾಗಿಲಿನ ಸಂದಿಯಲ್ಲಿ, ಕೀಲಿನ ಬದಿಗೆ ಇದ್ದವು. ರಮಾಕಾಂತ್ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಅವಳ ಕಿವಿಯಿಂದ ಸೋರಿದ ರಕ್ತ ಕುತ್ತಿಗೆಯ ಮೇಲೆ ಒಣಗಿತ್ತು.

"ಮತ್ತೆ ಮೊದಲಿಂದ," ಎನ್ನುತ್ತಿದ್ದ. "ನಿನ್ನೆ ಆ ಸೊಟ್ಟದ್ದನ್ನ ಸ್ಟೇಜ್ ಹಿಂದೆ ನುಡಿಸ್ತಿದ್ಯಲ್ಲ, ಕೇಳಿಸ್ತು ನಂಗೆ. ತಾಳ ಇಲ್ಲದ ಸಂಗೀತ ಭಿಕ್ಷೆಯೋರದ್ದು. ಎಣಿಸು. ಒಂದ್ ತಪ್ಪಿದ್ರೆ ಬಾಗಿಲು ಒಂದ್ ಇಂಚು."

ಅವಳ ಎಣಿಕೆ ತಪ್ಪಿತು. ಅವನು ಬೆನ್ನನ್ನು ಒತ್ತಿದ. ಅವಳು ಕಿರುಚಲಿಲ್ಲ. ತುಟಿ ಕಚ್ಚಿಕೊಂಡದ್ದರಿಂದ ಗಲ್ಲದ ಮೇಲೆ ರಕ್ತ ಬಂತು.

ನಾನು ನುಗ್ಗಿ ಅವನ ಕೂದಲು ಹಿಡಿದು ಎಳೆದೆ. ಅವನು ಮೊಣಕೈಯಿಂದ ನನ್ನ ಎದೆಗೆ ಗುದ್ದಿದ. ನಾನು ಮಂಚದ ಕಾಲಿಗೆ ಬಡಿದು ಬಿದ್ದೆ. ಮೇಜಿನ ಮೇಲಿದ್ದ ಕೆಟಲ್ ಕೈಗೆ ಸಿಕ್ಕಿತು, ನೀರು ಆಗತಾನೇ ಕುದಿದಿತ್ತು, ಅವನ ಕಾಲಿಗೆ ಸುರಿದೆ. ಅವನು ಬೊಬ್ಬೆ ಹೊಡೆದು ಹಾರಿದ, ಮಾಲವಿಕಾ ಬೆರಳು ಎಳೆದುಕೊಂಡಳು. ಸದ್ಯ, ಮುರಿದಿರಲಿಲ್ಲ.

"ಪ್ರಾಕ್ಟೀಸ್ ಮಾಡ್ತಿದ್ವಿ ಆಂಟಿ," ಎಂದ ಅವನು ಕಾಲು ಹಿಡಿದುಕೊಂಡು, ಹಲ್ಲಿನ ಸಂದಿಯಿಂದ. "ನಮ್ಮನೆ ವಿಷಯ. ಇನ್ನೊಂದ್ ಸಲ ಬಂದ್ರೆ ನಿಮಗೂ ಒಂದು ಆಕ್ಸಿಡೆಂಟ್ ಆಗತ್ತೆ."

ಆಮೇಲೆ ಅವಳನ್ನು ನಮ್ಮ ಕೋಣೆಗೆ ಕರೆತಂದು ಬೆರಳಿಗೆ ಐಸ್ ಇಟ್ಟೆ. ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದೆ. ಅವಳು ಫೋನ್ ಕಿತ್ತುಕೊಂಡಳು.

"ಒಂದ್ಸಲ ಬಂದಿದ್ರು ಆಂಟಿ, ಪರ್ತ್‌ನಲ್ಲಿ. ಪಕ್ಕದ್ಮನೆಯೋರು ಕರ್ಸಿದ್ರು. ಒದ್ದೆ ನೆಲ ತೋರಿಸ್ದ. ನಾನೂ ತಲೆ ಆಡಿಸ್ಬಿಟ್ಟೆ, ಇಲ್ದಿದ್ರೆ ಅವರು ಹೋದ್ಮೇಲೆ ನಾನಿರ್ತಿರ್ಲಿಲ್ಲ. ಅವ್ನ ಹತ್ರ ಯಾವಾಗ್ಲೂ ಒಂದ್ ಆಕ್ಸಿಡೆಂಟ್ ರೆಡಿ ಇರತ್ತೆ. ಈಗ ನೀವು ಕರ್ಸಿದ್ರೂ ನೀವು ಸುಟ್ಟಿದ್ದು ಕಾಣತ್ತೆ, ಅವನು ಮಾಡಿದ್ದು ಕಾಣಲ್ಲ."

"ಮತ್ತೆ ಎಂತ ಮಾಡುವುದು? ಸಾಯುವುದಾ?"

"ಇಲ್ಲ. ಅಡಿಲೇಡಲ್ಲಿ ಬಿಟ್ಟು ಹೋಗ್ತೀನಿ." ನಮ್ಮ ಕಾರ್ಯಕ್ರಮವಿದ್ದ ಅಡಿಲೇಡಿನ ಬಡಾವಣೆ ಸ್ಯಾಲಿಸ್‌ಬರಿಯಲ್ಲೇ ಅವಳ ಚಿಕ್ಕಮ್ಮನ ಮಗಳು ಇಂಚರಾ ಇದ್ದಾಳಂತೆ, ಕಾರ್ಯಕ್ರಮ ಮುಗಿದ ಕೂಡಲೇ ಕಾರು ತಂದು ಕಾಯುತ್ತಾಳಂತೆ. "ಅವ್ನಿಗೆ ಗೊತ್ತಾದ್ರೆ ಬೆರಳು ಮುರೀತಾನೆ. ನಿಜವಾಗ್ಲೂ ಮುರೀತಾನೆ, ಹೇಳಿದಾನೆ. ಬೆರಳು ಹೋದ್ರೆ ನಾನ್ ಏನಿದೀನಿ ಆಂಟಿ?"

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಕೋಪ ಬಂತು. ಆ ಒಂದು ವಾರ ನಾನು ಜಪಮಾಲೆ ಹಿಡಿದು ನಮ್ಮ ಚರ್ಚಿನ ಮಾತೆಯ ಜಪ ಮಾಡಿದೆ, ಜಪದ ನಡುವೆ ಅವನಿಗೆ ಶಾಪವನ್ನೂ ಹಾಕಿದೆ. ದೇವರು ಎರಡನ್ನೂ ಕೇಳಿರಬೇಕು.

ಸ್ಯಾಲಿಸ್‌ಬರಿಯ ಪಾರ್ಕಿನಲ್ಲಿ ಮಧ್ಯಾಹ್ನದ ಬಿಸಿಲು. ಹುಲ್ಲಿನ ಮೇಲೆ ಮಡಚು ಕುರ್ಚಿ ಹಾಕಿಕೊಂಡು ನಾನೂರೋ ಐನೂರೋ ಜನ, ಸಾಸೇಜಿನ ಹೊಗೆ, ಟೋಪಿ ಹಾಕಿದ ಮಕ್ಕಳು. ಹಿಂದಿನ ಸಾಲಿನಲ್ಲಿ ಇಂಚರಾ ಕೈ ಕಟ್ಟಿಕೊಂಡು ನಿಂತಿದ್ದಳು. ಮಾಲವಿಕಾ ನೆಟ್ಟಗಿನ ಟ್ಯೂನ್‌ಗಳನ್ನೇ ನುಡಿಸಿದಳು, ಒಂದೂ ತಪ್ಪಲಿಲ್ಲ. ರಮಾಕಾಂತ್ ಲೆಕ್ಕದ ಮೇಲೆ ಲೆಕ್ಕ ಬಿಟ್ಟ, ಸಮಕ್ಕೆ ಬಂದಾಗಲೆಲ್ಲ ಕೋಲು ಮೇಲೆತ್ತಿ ಚಪ್ಪಾಳೆ ಪಡೆದ. ಇನ್ನೇನು ಮುಗಿಯಿತು ಎಂದು ನಾನು ಗಿಟಾರಿನ ಪಟ್ಟಿ ಸಡಿಲಿಸುತ್ತಿದ್ದೆ. ಜನ ಇನ್ನೊಂದು, ಇನ್ನೊಂದು ಎಂದರು.

ಮಾಲವಿಕಾ ಯಾರನ್ನೂ ಕೇಳಲಿಲ್ಲ. ಕಮಾನು ಎಳೆದಳು. ಆ ಸೊಟ್ಟ ಟ್ಯೂನ್.

ಹೊಡೆಸಿಕೊಳ್ಳಲೆಂದೇ ನುಡಿಸಿದಳು ಎಂದು ಆಮೇಲೆ ಕೆಲವರು ಆಡಿಕೊಂಡರು. ಅವರ ನಾಲಿಗೆ ಬಿದ್ದುಹೋಗಲಿ. ಅವಳು ನುಡಿಸಿದ್ದು ತನಗೋಸ್ಕರ. ಅವನಿಂದ ಬಿಟ್ಟು ಹೋಗುವ ಮೊದಲು ಒಂದು ಸಲ ಅವನ ಎದುರಿಗೇ ತನ್ನ ಉಸಿರಿನಲ್ಲಿ ನುಡಿಸಬೇಕು ಎನಿಸಿತ್ತು, ಅಷ್ಟೇ. ಕಣ್ಣು ಮುಚ್ಚಿದ್ದಳು. ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅದುವರೆಗೆ ನೋಡಿರಲಿಲ್ಲ.

ರಾಬರ್ಟ್ ಅವಳ ಮೊಣಕೈ ನೋಡುತ್ತ ಜೊತೆಗೂಡಿದ. ನಾನೂ ಸೇರಿದೆ. ರಮಾಕಾಂತ್ ಕೋಲು ಹಿಡಿದು ಎಣಿಸತೊಡಗಿದ. ಅವನ ತುಟಿ ಅಲ್ಲಾಡುತ್ತಿತ್ತು. ಮೊದಲ ಸುತ್ತಿನಲ್ಲಿ ಅವನ ಪೆಟ್ಟು ಅವಳಿಗಿಂತ ಮುಂಚೆ ಬಿತ್ತು. ಎರಡನೇ ಸುತ್ತಿನಲ್ಲಿ ಮುಂಚಿನ ತಪ್ಪನ್ನು ಲೆಕ್ಕಕ್ಕೆ ಸೇರಿಸಿಕೊಂಡ, ಈ ಸಲ ಅವಳು ಅಲ್ಲಿ ಎಳೆಯಲೇ ಇಲ್ಲ, ಇವನ ಪೆಟ್ಟು ಬರೀ ಗಾಳಿಗೆ ಬಿದ್ದ ಹಾಗಾಯಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಒಮ್ಮೆ ತಲೆಯೆತ್ತಿ ಹೆಂಡತಿಯ ಮೊಣಕೈ ನೋಡಿದ್ದರೆ ಸಾಕಿತ್ತು. ಅವನು ನೋಡಲಿಲ್ಲ. ಕುತ್ತಿಗೆಯ ನರ ಉಬ್ಬಿತು.

ಮೂರನೇ ಸುತ್ತಿನಲ್ಲಿ ಎರಡೂ ಕೋಲನ್ನು ಒಟ್ಟಿಗೆ ಹಿಡಿದು, ದಪ್ಪ ತುದಿಯನ್ನು ಮುಂದಕ್ಕೆ ತಿರುಗಿಸಿ, ಭುಜದಿಂದ ಬೀಸಿ ಅವಳ ಎಡಗೈ ಮೇಲೆ ಹೊಡೆದ.

ನಾನು ನರ್ಸ್, ಎಲುಬಿನ ಸದ್ದು ನನಗೆ ಗೊತ್ತು. ಮೇಲಿನ ತಂತಿ ಕಡಿದು ಅವಳ ಗಲ್ಲವನ್ನು ಸೀಳಿತು. ಪಿಟೀಲಿನ ಕತ್ತು ಬಿರಿಯಿತು. ನಡುವಿನ ಎರಡು ಬೆರಳು ಹಿಂದಕ್ಕೆ ಬಾಗಬಾರದ ರೀತಿಯಲ್ಲಿ ಬಾಗಿದ್ದವು. ಅವಳ ಬಾಯಿಂದ ಒಂದು ಕೂಗು ಬಂತು, ಅದು ಮೈಕಿನಲ್ಲಿ ಪಾರ್ಕಿಗೆಲ್ಲ ಕೇಳಿಸಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಆಟದ ಕೊನೆ ಎಂದುಕೊಂಡರು.

ಆ ಚಪ್ಪಾಳೆ ನನ್ನ ತಲೆ ಕೆಡಿಸಿತು. ಗಿಟಾರನ್ನು ಕತ್ತು ಹಿಡಿದು ತಿರುಗಿಸಿ ಅವನ ಕಿವಿಯ ಮೇಲೆ ಬಾರಿಸಿದೆ. ಪೆಟ್ಟಿಗೆ ಒಡೆಯಿತು. ಅವನು ಏಳಲು ನೋಡಿದ, ಉಳಿದ ತುಂಡಿನಿಂದ ಇನ್ನೊಂದು ಕೊಟ್ಟೆ. ರಕ್ತ ಅವನ ಕಣ್ಣಿಗಿಳಿಯಿತು. ಜೀವಮಾನದಲ್ಲಿ ಒಂದು ಕೋಳಿಯನ್ನೂ ಹೊಡೆಯದ ರಾಬರ್ಟ್ ಬೇಸನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿ, ಬಂದು ಅವನ ಎದೆಯ ಮೇಲೆ ಕೂತ. ಅವನು ರಾಬರ್ಟ್‌ನ ಕೈ ಕಚ್ಚಿದ, ಮಾಂಸ ಕಿತ್ತುಬರುವಷ್ಟು. ರಾಬರ್ಟ್ ಕೂತೇ ಇದ್ದ. ಆಗಲೇ ಚಪ್ಪಾಳೆ ನಿಂತದ್ದು.

ಪ್ರಥಮ ಚಿಕಿತ್ಸೆಯ ಡೇರೆಯನ್ನು ನಡುವೆ ಒಂದು ಕ್ಯಾನ್ವಾಸ್ ಪರದೆ ಎಳೆದು ಎರಡು ಭಾಗ ಮಾಡಿದ್ದರು. ಈ ಕಡೆ ಮಾಲವಿಕಾ, ಅವಳ ಕೈಗೆ ಪಟ್ಟಿ ಹಿಡಿದ ನಾನು, ಒಬ್ಬ ಹೆಂಗಸು ಪೊಲೀಸ್. ಆ ಕಡೆ ತಲೆಗೆ ಬ್ಯಾಂಡೇಜ್ ಸುತ್ತಿಸಿಕೊಂಡ ರಮಾಕಾಂತ್, ಒಬ್ಬ ಗಂಡಸು ಪೊಲೀಸ್. ಇಬ್ಬರು ಪೊಲೀಸರ ಎದೆಯ ಮೇಲೂ ಕ್ಯಾಮೆರಾದ ಕೆಂಪು ದೀಪ. ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು.

ಅವನ ದನಿ ಮತ್ತೆ ತಣ್ಣಗಾಗಿತ್ತು, ಆಫೀಸಿನ ಮೀಟಿಂಗಿನಲ್ಲಿ ಮಾತಾಡುವ ಹಾಗೆ. "ಇದು ಕಾರ್ಯಕ್ರಮದಲ್ಲಾದ ಅಪಘಾತ. ಈ ಕಲೆಯಲ್ಲಿ ಕೋಲು ಬೆರಳಿಗೆ ಬಹಳ ಹತ್ತಿರ ಆಡುತ್ತದೆ, ಬೇಕಾದರೆ ವಿಡಿಯೋ ನೋಡಿ. ಜಾರಿತು. ನನ್ನ ಹೆಂಡತಿಗೆ ಹೀಗಾದದ್ದು ನನಗೇ ಸಂಕಟ. ನನ್ನ ಮೇಲೆ ಹಲ್ಲೆ ಮಾಡಿದ್ದು ಆ ಮುದುಕಿ, ಅದನ್ನು ಎಲ್ಲರೂ ನೋಡಿದ್ದಾರೆ."

ಆ ಪೊಲೀಸಿನವನು ಆಗಲೇ ಒಂದೆರಡು ಫೋನುಗಳ ವಿಡಿಯೋ ನೋಡಿದ್ದ. ಅದರಲ್ಲಿ ಕೋಲು ಇಳಿದದ್ದು ಕಾಣುತ್ತದೆ, ಬೇಕೆಂದೇ ಇಳಿಸಿದ್ದು ಕಾಣುವುದಿಲ್ಲ. ನಾನು ಹೊಡೆದದ್ದು ಮಾತ್ರ ಸಿನಿಮಾದ ಹಾಗೆ ಸ್ಪಷ್ಟವಾಗಿತ್ತು. ಮತ್ತೊಂದು ಒದ್ದೆ ನೆಲ, ಎಂದುಕೊಂಡೆ. ಇವತ್ತು ಆಸ್ಪತ್ರೆ, ನಾಳೆ ಗಂಡನಾದವನು ಹೂ ತರುತ್ತಾನೆ, ನಾಡಿದ್ದು ಪರ್ತ್. ಅದರಾಚೆ ಅವಳ ಹೆಣ.

ಹೆಂಗಸು ಪೊಲೀಸ್ ಬಗ್ಗಿ ಕೇಳಿದಳು. "ಏನಾಯಿತು ಎಂದು ನೀವು ಹೇಳಬಹುದಾ?"

ಮಾಲವಿಕಾಳ ಮುಖ ಬಿಳಚಿಹೋಗಿತ್ತು. ಗಲ್ಲದ ಗಾಯದಿಂದ ರಕ್ತ ಸೀರೆಗೆ ಸೋರುತ್ತಿತ್ತು. ಪರದೆಯ ಕಡೆ ಒಮ್ಮೆ ನೋಡಿದಳು.

"ಅವರು ಹೇಳಿದ್ದೇ ಸರಿ. ಅದು ಅಪಘಾತ."

ಅವಳ ಕೆನ್ನೆಗೆ ನಾನೇ ಒಂದು ಕೊಡಬೇಕೆನಿಸಿತು. "ಮಾಲವಿಕಾ!" ಎಂದೆ. ಅವಳು ನನ್ನ ಕಡೆ ತಿರುಗಲಿಲ್ಲ. ದನಿ ಎತ್ತರಿಸಿದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

"ನನ್ನ ಗಂಡನಿಗೆ ತಾಳಜ್ಞಾನ ಕಡಿಮೆ ಆಫೀಸರ್. ಈ ಟ್ಯೂನ್ ಸ್ವಲ್ಪ ಕಷ್ಟದ್ದು, ಅವರಿಗೆ ಎಣಿಸಲು ಬರಲಿಲ್ಲ. ಲೆಕ್ಕ ತಪ್ಪಿತು, ಗಾಬರಿಯಾದರು, ಕೋಲು ಎಲ್ಲೋ ಬಿತ್ತು. ಎಲ್ಲಿ ಹೊಡೆಯುತ್ತಿದ್ದೇನೆ ಎಂದು ಅವರಿಗೇ ಗೊತ್ತಿರಲಿಲ್ಲ. ಮೊದಲಿಂದಲೂ ಅವರು ಹಾಗೇ. ಮೈಸೂರಿನಲ್ಲೂ ನಾನೇ ಸಂಭಾಳಿಸುತ್ತಿದ್ದೆ, ಅವರು ತಪ್ಪಿದಲ್ಲೆಲ್ಲ ನಾನು ಕಾದು ಸೇರಿಸಿಕೊಳ್ಳುತ್ತಿದ್ದೆ. ಪಾಪ, ಅವರನ್ನು ಬಯ್ಯಬೇಡಿ. ಗೊತ್ತಿಲ್ಲದವರು ಏನು ಮಾಡುತ್ತಾರೆ?"

ಪರದೆಯ ಆಚೆ ಮಂಚ ಕಿರುಗುಟ್ಟಿತು.

"ಏನಂದೆ?" ಎಂದ ರಮಾಕಾಂತ್.

"ಸರ್, ಕೂತುಕೊಳ್ಳಿ," ಎಂದ ಪೊಲೀಸ್.

"ನನಗೆ ಎಣಿಸಲು ಬರಲ್ಲವಾ? ಮೂವತ್ತು ವರ್ಷದಿಂದ ನಾನು ಒಂದೇ ಒಂದು ಮಾತ್ರೆ ತಪ್ಪಿದವನಲ್ಲ! ತಪ್ಪಿದ್ದು ಅವಳು. ಮೊದಲ ಸುತ್ತು ತಪ್ಪಿಸಿದಳು, ಎರಡನೇ ಸುತ್ತು ಬೇಕೆಂದೇ ತಪ್ಪಿಸಿದಳು, ಜನ ನಗುವ ಹಾಗೆ ಮಾಡಿದಳು. ಮೂರನೇ ಸುತ್ತು ನಾನು ಸರಿಯಾಗಿ ಎಣಿಸಿಕೊಂಡೇ ಬಂದೆ. ಸಮ ಎಲ್ಲಿ ಬರುತ್ತದೆ ಎಂದು ನೋಡಿಕೊಂಡು ಅಲ್ಲೇ ಹೊಡೆದೆ. ಅವಳ ಬೆರಳಿಗೇ ಹೊಡೆದೆ. ಗುರಿ ಇಟ್ಟು ಹೊಡೆದೆ. ಕೋಲು ಜಾರುವುದಕ್ಕೆ ನಾನೇನು ಕಲಿಯುವ ಹುಡುಗನಾ?"

ಹೆಂಗಸು ಪೊಲೀಸ್ ತಲೆಯೆತ್ತಿ ಪರದೆಯ ಕಡೆ ನೋಡಿದಳು.

"ಇನ್ನೊಮ್ಮೆ ನಿಧಾನವಾಗಿ ಹೇಳುತ್ತೀರಾ ಸರ್?" ಎಂದ ಆ ಪೊಲೀಸಿನವನು. "ನನಗೆ ಸಂಗೀತ ಗೊತ್ತಿಲ್ಲ."

ಹೇಳಿದ. ತೊಡೆಯ ಮೇಲೆ ತಾಳ ಹಾಕಿ, ಬೆರಳು ಮಡಚಿ, ಪೆಟ್ಟಿಗೊಂದು ಪೆಟ್ಟು ಎಣಿಸಿ ತೋರಿಸಿದ. ಎಣಿಕೆ ಮುಗಿದಲ್ಲಿ ಜೋರಾಗಿ ಒಂದು ತಟ್ಟಿ, "ಇಲ್ಲಿ. ಇಲ್ಲಿ ಮುರಿದೆ," ಎಂದ. ಪರದೆಯ ಈಚೆಗೂ ಆ ತಟ್ಟು ಚೆನ್ನಾಗಿ ಕೇಳಿಸಿತು. ಕೈಗೆ ಕೋಳ ಬೀಳುವವರೆಗೂ ಅವನಿಗೆ ತಾನೇನು ಹೇಳಿದೆ ಎಂದು ಹೊಳೆಯಲಿಲ್ಲ. ಹೊಳೆದ ಮೇಲೆ ಅವನು ಕಿರುಚಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಆಮೇಲೆ ನನ್ನ ಮೇಲೂ ಒಂದು ಕೇಸಾಯಿತು, ಆಗಲಿ.

ಅವನನ್ನು ಕರೆದೊಯ್ದ ಮೇಲೆ ಮಾಲವಿಕಾ ನನ್ನ ಕಡೆ ತಿರುಗಿದಳು.

"ಕ್ಯಾಮೆರಾದಲ್ಲಿ ಬಂತಾ ಆಂಟಿ?"

"ಬಂತು ಮಗಾ. ಎರಡೆರಡು ಸಲ ಬಂತು."

ಅವಳು ಕಣ್ಣು ಮುಚ್ಚಿದಳು. ಬಲಗೈಯ ಬೆರಳುಗಳು ಹೊದಿಕೆಯ ಮೇಲೆ ಮೆಲ್ಲಗೆ ಏನನ್ನೋ ಎಣಿಸುತ್ತಿದ್ದವು.

"ಅವ್ನು ನಿಜವಾಗ್ಲೂ ತಪ್ಪಿದ್ದ ಆಂಟಿ," ಎಂದಳು. "ಸಮ ಅಲ್ಲಿರ್ಲಿಲ್ಲ. ಇನ್ನೂ ಎರಡು ಪೆಟ್ಟು ಮುಂದಿತ್ತು."

ಹಾಗೆಂದವಳೇ ನನ್ನ ಹೆಗಲಿಗೆ ಮುಖ ಒತ್ತಿ, ಚಿಕ್ಕ ಮಕ್ಕಳ ಹಾಗೆ ಜೋರಾಗಿ ಅಳತೊಡಗಿದಳು.